ಒಬ್ಬಳೇ ಉಂಡ ಅಣಬೆ ಸಾರು

ಅತ್ತೆಯ ಮೈಗೆ ಕೊನೆಯ ನೀರು ಹೊಯ್ಯುತ್ತಿದ್ದಾಗ, ಚಪ್ಪರದಡಿ ಕೂತಿದ್ದ ದೊಡ್ಡಹನುಮಯ್ಯನ ಮಾತು ಅಂಜಮ್ಮನ ಕಿವಿಗೆ ಬಿತ್ತು. ಸತ್ತ ಮುನಿತಾಯಮ್ಮನ ಮೈದುನ ಅವನು. ಅತ್ತಿಗೆಗೆ ಬಾಯಿಚಪಲ, ಮೊಮ್ಮಗಳಿಗೂ ಕೊಡದೆ ಅಣಬೆ ಸಾರು ಒಬ್ಬಳೇ ಉಂಡಳಂತೆ, ಅದೇ ವಿಷವಾಯಿತು ಎನ್ನುತ್ತಿದ್ದ. ಕೂತವರು ತಲೆಯಾಡಿಸಿದರು. ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಸತ್ತವಳ ಮಗ, ಅಂಜಮ್ಮನ ಗಂಡ ಬೈರಪ್ಪ ತಲೆ ಎತ್ತಲಿಲ್ಲ.

ಅಂಜಮ್ಮ ಇನ್ನೊಂದು ಚೊಂಬು ನೀರು ತುಂಬಿಕೊಂಡಳು. ಆ ಮಾತು ಊರಿಗೆ ಹೋದದ್ದು ಅವಳ ಬಾಯಿಂದಲೇ.

*

ಅದೇ ವರ್ಷ, ಎಪ್ಪತ್ತೇಳರ ಮುಂಗಾರಿನಲ್ಲಿ, ಅಂಜಮ್ಮನ ಐದು ವರ್ಷದ ಮಗಳಿಗೆ ಟೈಫಾಯ್ಡ್ ಬಂದು ಹೋಗಿ ಮೈಯಲ್ಲಿ ಮೂಳೆಯಷ್ಟೇ ಉಳಿದಿತ್ತು. ಆಸ್ಪತ್ರೆಯ ನರ್ಸಮ್ಮ ಮೊಟ್ಟೆ, ಮಾಂಸ ಕೊಡಿ ಅಂದಳು. ಆಗದಿದ್ದರೆ ಅಣಬೆಯಾದರೂ ಕೊಡಿ, ಅದರಲ್ಲೂ ಮೈಗೆ ಹಿಡಿಯುವ ಸತ್ವವಿದೆ ಅಂದಳು. ಮುನಿತಾಯಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದಳು. ಮಳೆ ಬಿದ್ದ ಮರುದಿನ ಹುತ್ತದ ಬದಿಯಿಂದ ಮಡಿಲು ತುಂಬ ಅಣಬೆ ತಂದು, ಮೆಣಸು ಬೆಳ್ಳುಳ್ಳಿ ಅರೆದು ಹಾಕಿ ಸಾರು ಮಾಡಿ, ಮುದ್ದೆಯ ಜೊತೆ ಉಣಿಸುವಳು. ಎರಡು ತಿಂಗಳಲ್ಲಿ ಹುಡುಗಿ ಗೋಡೆ ಹಿಡಿಯದೆ ನಡೆದಳು.

ಅಷ್ಟರಲ್ಲಿ ಸೈಟು ಮಾಡುವವರ ಬುಲ್ಡೋಜರ್ ಬಂದು ಅವರ ಊರು ಮಲ್ಲತ್ತಹಳ್ಳಿಯ ಹುತ್ತಗಳೆಲ್ಲ ನೆಲಸಮವಾದವು. ಮುದುಕಿ ದೂರದ ನೀಲಗಿರಿ ತೋಪಿನಿಂದ ಅಣಬೆ ಕಿತ್ತು ತಂದಳು. ಬೆಳ್ಳಗೇನೋ ಇದ್ದವು. ಮಧ್ಯಾಹ್ನ ಸಾರು ಮಾಡಿ ತಾನೊಬ್ಬಳೇ ಉಂಡು, ಉಳಿದದ್ದನ್ನು ನೆಲುವಿನ ಮೇಲಿಟ್ಟಳು.

“ಮಗು ಅಳ್ತೈತೆ, ಒಂದ್ ಸೌಟು ಹಾಕಿ ಅತ್ತೆ.”

“ನಾಳೆ ಬೆಳಗ್ಗೆ ಕೊಡ್ತೀನಿ ಕಣೇ. ಅಲ್ಲೀಗಂಟ ಮುಟ್ಬೇಡ.”

ಯಾಕೆಂದು ಹೇಳಲಿಲ್ಲ. ಅಂಜಮ್ಮ ಸಿಟ್ಟಿನಲ್ಲಿ ಬಾವಿಕಟ್ಟೆಯ ಹೆಂಗಸರ ಮುಂದೆ ಆಡಿಕೊಂಡಳು.

ಬೆಳಗಾಗುವಷ್ಟರಲ್ಲಿ ಅತ್ತೆಗೆ ವಾಂತಿ ಶುರುವಾಯಿತು. ಮುದುಕಿ ಮಡಕೆ ಇಳಿಸಿ, ಸಾರನ್ನೆಲ್ಲ ತಿಪ್ಪೆಗೆ ಸುರಿದು, ಆಮೇಲೆ ಮಗನನ್ನು ಕೂಗಿದಳು. ನಾಲ್ಕನೇ ದಿನ ಆಸ್ಪತ್ರೆಯಲ್ಲಿ ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿ ಜೀವ ಹೋಯಿತು.

*

ಅಂಜಮ್ಮ ಚೊಂಬು ಇಳಿಸಿ, ಒದ್ದೆ ಸೆರಗಿನಲ್ಲೇ ಚಪ್ಪರದಡಿ ಬಂದು ನಿಂತಳು.

“ಬಾಯಿಚಪಲಕ್ಕೆ ಉಣ್ಲಿಲ್ಲ ಮಾವ. ಗುರುತಿಲ್ಲದ ಅಣಬೆ ಅಂತ ಮೊದಲು ತಾವು ತಿಂದು ನೋಡಿದ್ರು. ನಾನು ತಿಳೀದೆ ಅಂದ್ಬಿಟ್ಟೆ.”

ದೊಡ್ಡಹನುಮಯ್ಯ ಹೆಗಲ ಟವೆಲ್ಲು ಸರಿಮಾಡಿಕೊಂಡ. ಬೈರಪ್ಪ ಹೆಂಡತಿಯ ಮುಖ ಒಮ್ಮೆ ನೋಡಿ ಮತ್ತೆ ಬಿದಿರಿಗೆ ಬಗ್ಗಿದ.

ಹಿರಿಯರನ್ನು ಮಣ್ಣು ಮಾಡುತ್ತಿದ್ದ ಹೊಲದ ತುಂಬ ಈಗ ನಂಬರು ಕೆತ್ತಿದ ಸೈಟಿನ ಕಲ್ಲುಗಳು. ಗುಂಡಿಗೆ ಅಡ್ಡ ಬಂದದ್ದೊಂದನ್ನು ಕಿತ್ತು ಪಕ್ಕಕ್ಕಿಟ್ಟಿದ್ದರು. ಮಣ್ಣು ಮುಚ್ಚಿದ ಮೇಲೆ ಬೈರಪ್ಪ ಅದನ್ನೇ ತಾಯಿಯ ತಲೆದೆಸೆಗೆ ನೆಟ್ಟು, ಸುತ್ತ ತುಳಿದು ಗಟ್ಟಿ ಮಾಡಿದ. ಓದು ಬಾರದ ಅಂಜಮ್ಮ ಕುಕ್ಕರಗಾಲಲ್ಲಿ ಕೂತು, ಕಲ್ಲಿನ ಮೇಲಿನ ನಂಬರಿಗೆ ಮೆತ್ತಿದ್ದ ಕೆಸರನ್ನು ಸೆರಗಿನಿಂದ ಒರೆಸತೊಡಗಿದಳು.