ಗೆದ್ದು ತಂದ ಕಾಳು

ಎಣ್ಣೆ ಮಿಲ್ಲಿನ ಅಂಗಳದಲ್ಲಿ ಹದಿಮೂರು ಹೆಂಗಸರು ಕಾಲು ಚಾಚಿ ಕೂತು ಕಡಲೆಬೀಜ ಆರಿಸುತ್ತಿದ್ದರು. ಗಟ್ಟಿ ಕಾಳು ಬಲಕ್ಕೆ. ಮುರುಟಿದ್ದು, ಬೂಸ್ಟು ಹಿಡಿದದ್ದು ಎಡಕ್ಕೆ. ಎಡಗಡೆಯ ಗುಡ್ಡೆ ಹೆಂಗಸರದು. ಸಂಜೆ ತಲೆಗೊಂದು ಡಬ್ಬ ತುಂಬಿಕೊಂಡು ಮನೆಗೊಯ್ಯುವ ಆ ಹಕ್ಕಿಗಾಗಿ ಹನ್ನೊಂದು ವರ್ಷದ ಹಿಂದೆ ಗೇಟಿನಲ್ಲಿ ರಕ್ತ ಹರಿದಿತ್ತು. ಮೇಸ್ತ್ರಿಯ ದೊಣ್ಣೆಗೆ ತಲೆಯೊಡ್ಡಿ, ಏಳು ಹೊಲಿಗೆ ಹಾಕಿಸಿಕೊಂಡು ಅದನ್ನು ಗೆದ್ದುಕೊಟ್ಟವಳನ್ನು ಮಿಲ್ಲಿನವರೆಲ್ಲ ಗಂಡುಬೀರಿ ಎಂದೇ ಕರೆಯುತ್ತಿದ್ದರು.

ಆ ದಿನ ಗಂಡುಬೀರಿ ತಡವಾಗಿ ಬಂದಳು. ಎಡಗಡೆಯ ಗುಡ್ಡೆಯನ್ನು ಮೊರಕ್ಕೆ ಬಾಚಿ, ಬಾಯ್ಲರಿನ ಬೆಂಕಿಗೆ ಸುರಿದಳು.

"ಅಯ್ಯೋ, ತಲೆ ಕೆಟ್ಟಿದೆಯೇನೇ ಇವಳಿಗೆ!"

ಮೊದಲು ಎದ್ದವಳು ಅವಳ ಜೀವದ ಗೆಳತಿ ಕುಳ್ಳಿ. ಜುಟ್ಟು ಹಿಡಿದೆಳೆದು ಗಂಡುಬೀರಿಯನ್ನು ಕಲ್ಲುಹಾಸಿನ ಮೇಲೆ ಕೆಡವಿದಳು.

"ನಿನ್ ಗಂಡ ಹಾಸಿಗೆ ಹಿಡಿದ್ರೆ ನಮ್ ಮಕ್ಕಳ ಬಾಯಿಗೆ ಮಣ್ಣು ಹಾಕ್ತೀಯಾ?"

ಮೊರದ ಅಂಚು ಬಾಯಿಗೆ ಬಡಿಯಿತು. ಒಂದು ಹಲ್ಲು ಅಲುಗಾಡಿತು. ಯಾವ ಏಟಿಗೂ ಎರಡು ತಿರುಗಿ ಕೊಡುತ್ತಿದ್ದ ಗಂಡುಬೀರಿಯ ಕೈ ಇಂದು ಮೇಲೇಳಲಿಲ್ಲ.

ಹಿಂದಿನ ದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದ್ದು ಅವಳ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. "ನಿಮ್ಮ ಯಜಮಾನರ ಯಕೃತ್ತಿನಲ್ಲಿ ಗಡ್ಡೆ ಇದೆ. ಕ್ಯಾನ್ಸರ್."

"ನನ್ ಗಂಡ ಒಂದು ತೊಟ್ಟೂ ಕುಡಿಯಲ್ಲ, ಡಾಕ್ಟ್ರೇ!"

"ಕುಡಿತ ಒಂದೇ ಕಾರಣ ಅಲ್ಲಮ್ಮಾ. ಇವರ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆ. ವರ್ಷಗಟ್ಟಲೆ ಸದ್ದಿಲ್ಲದೆ ಕೂತಿತ್ತು. ದಿನಾ ಏನು ತಿಂತಾರೆ?"

ಅವಳು ಮಿಲ್ಲಿನ ಕಾಳಿನ ಬಗ್ಗೆಯೂ ಹೇಳಿದಳು. ಡಾಕ್ಟರಮ್ಮನ ಪೆನ್ನು ನಿಂತಿತು.

"ಆ ಬೂಸ್ಟಲ್ಲಿ ವಿಷ ಇರುತ್ತೆ. ಹುರಿದ್ರೂ ಹೋಗಲ್ಲ. ವೈರಸ್ ಜೊತೆ ಅದೂ ಸೇರಿದ್ರೆ ಮುಗೀತು. ಗಡ್ಡೆ ಚಿಕ್ಕದಿದ್ದಾಗ ಬಂದಿದ್ರೆ ಕತ್ತರಿಸಿ ತೆಗೀಬಹುದಿತ್ತು. ನೀವೂ ಮಕ್ಕಳೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ವೈರಸ್ ಇಲ್ಲದೋರಿಗೆ ಲಸಿಕೆ ಇದೆ."

ಅವಳ ಗಂಡ ಹಮಾಲಿ. ಬಲಪಕ್ಕೆಯ ಕೆಳಗೆ ನೋವು ಎಂದಾಗ ಚೀಲ ಹೊತ್ತದ್ದಕ್ಕೆ ಎಂದುಕೊಂಡು ಎಣ್ಣೆ ತಿಕ್ಕಿದ್ದಳು. ಊಟ ಸೇರದಾಯಿತು, ಮೈ ಇಳಿಯಿತು. ಹೊಟ್ಟೆ ಉಬ್ಬಿದಾಗ "ಎಷ್ಟನೇ ತಿಂಗಳು?" ಎಂದು ಇಡೀ ಗೋದಾಮು ನಕ್ಕಿತ್ತು. ಕಣ್ಣು ಹಳದಿಯಾದ ಮೇಲೆ ಯಾರೂ ನಗಲಿಲ್ಲ. ಹೊರೆ ಹೊರುವವನಿಗೆ ಬಲ ಬೇಕೆಂದು, ಸಂಜೆ ಸಂಜೆಯೂ ಒಂದು ಹಿಡಿ ಕಾಳು ಹುರಿದು ಕೈಗಿಟ್ಟವಳು ಅವಳೇ.

"ಹೊಡಿ," ಎಂದಳು ಗಂಡುಬೀರಿ, ರಕ್ತ ನುಂಗುತ್ತಾ. "ಹೊಡೆದು ಸುಸ್ತಾದ್ಮೇಲೆ ಮನೆಗೆ ಹೋಗಿ ನಿನ್ ಗಂಡನ ಕಣ್ಣು ಬೆಳಕಲ್ಲಿ ನೋಡು. ಬಲಗಡೆ ಭಾರ, ಊಟ ಸೇರಲ್ಲ ಅಂತಿದ್ದ ಅಂದಿದ್ಯಲ್ಲ? ಆ ಕಾಳು ವಿಷ ಕಣೇ. ಡಾಕ್ಟ್ರು ಹೇಳಿದ್ರು."

ಕುಳ್ಳಿಯ ಕೈ ನಿಂತಿತು. ತೂಕದ ಯಂತ್ರಕ್ಕೆ ಒರಗಿದ್ದ ಮೇಸ್ತ್ರಿ ನಕ್ಕ.

"ನಾವೇನು ತಿನ್ನಿ ಅಂದ್ವಾ? ಕೋಳಿ ಫಾರಮ್ಮಿನೋರೇ ಇದನ್ನ ಮುಟ್ಟಲ್ಲ, ಮರಿ ಸಾಯ್ತವೆ ಅಂತ. ನೀವು ಹೊಡೆದಾಡಿ ಕೇಳಿದ್ರಿ. ಕೊಟ್ವಿ."



"ಕೋಳಿ ಸಾಯ್ತವೆ ಅಂತ ಗೊತ್ತಿತ್ತಾ ನಿಂಗೆ?" ಕುಳ್ಳಿ ಕೇಳಿದಳು.

ಗಂಡುಬೀರಿ ಹಲ್ಲನ್ನು ಅಂಗೈಗೆ ಉಗಿದು ಎದ್ದಳು. ತನ್ನ ಡಬ್ಬ ತೆಗೆದುಕೊಂಡು ಬಲಗಡೆಯ ಗುಡ್ಡೆಗೆ ಅದ್ದಿದಳು. ಗಟ್ಟಿ ಕಾಳು, ಶುದ್ಧ ಕಾಳು.

"ಏಯ್! ಮುಟ್ಟಿದ್ರೆ ಕೈ ಮುರೀತೀನಿ!" ಮೇಸ್ತ್ರಿಯ ದೊಣ್ಣೆ ಮೇಲೆದ್ದಿತು. ಅದು ಇಳಿದದ್ದು ಅಡ್ಡ ಬಂದ ಕುಳ್ಳಿಯ ಹೆಗಲ ಮೇಲೆ. ಕುಳ್ಳಿ ಹಲ್ಲು ಕಚ್ಚಿ ದೊಣ್ಣೆಯನ್ನು ಕಂಕುಳಲ್ಲಿ ಅವುಚಿ ಹಿಡಿದಳು. ಇನ್ನೊಂದು ಕೈಯಿಂದ ತನ್ನ ಡಬ್ಬವನ್ನು ಅದೇ ಗುಡ್ಡೆಗೆ ಅದ್ದಿದಳು.

ಆಮೇಲೆ ಒಂದರ ಹಿಂದೊಂದು ಉಳಿದ ಹನ್ನೆರಡು ಡಬ್ಬಗಳ ಸದ್ದು.

ಗೇಟು ದಾಟಿದ ಮೇಲೆ ಕುಳ್ಳಿ ತನ್ನ ಸೆರಗಿನ ತುದಿಯಿಂದ ಗಂಡುಬೀರಿಯ ಬಾಯಿ ಒರೆಸಿದಳು.

"ಆ ಡಾಕ್ಟರಮ್ಮ ಬೆಳಿಗ್ಗೆ ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದಳು. "ನನ್ ಗಂಡ ಬರಲ್ಲ ಅಂದ್ರೆ ನೀನೊಂದು ಕೈ ಹಿಡ್ಕೋ. ಎತ್ಕೊಂಡೇ ಹೋಗೋಣ."