ಒಣದ್ರಾಕ್ಷಿಯ ನೀರು

ಶೀನಪ್ಪ ಬೆರಳುದ್ದದ ಗಾಜಿನ ಲೋಟವನ್ನು ಮೂಗಿನ ಹತ್ತಿರ ಹಿಡಿದವನು ಹಾಗೆಯೇ ಉಳಿದುಬಿಟ್ಟ. ಕುಡಿಯಲಿಲ್ಲ, ತಟ್ಟೆಯಲ್ಲಿ ವಾಪಸು ಇಡಲೂ ಇಲ್ಲ. ಚರ್ಚಿನ ಪೀಠದ ಮುಂದಿನ ಕಟಕಟೆಗೆ ಮೊಣಕಾಲೂರಿದ್ದ ಎಂಟು ಜನರಲ್ಲಿ ಏಳು ಜನರ ಲೋಟ ಆಗಲೇ ಖಾಲಿಯಾಗಿತ್ತು.

ಅವನ ಎದುರು ತಟ್ಟೆ ಹಿಡಿದು ನಿಂತಿದ್ದವನು ಸಭೆಯ ಹಿರಿಯ ಸರ್ವೋತ್ತಮ. ಹೇಳಬೇಕಿತ್ತು. ಹೇಳಿರಲಿಲ್ಲ.

"ಸಾರ್," ಶೀನಪ್ಪ ಪಿಸುಗುಟ್ಟಿದ. "ಇದು ನಮ್ಮ ದ್ರಾಕ್ಷಿ ನೀರಲ್ಲ. ಕುಡಿಬಹುದಾ?"

ಹಿಂದೆ ಇನ್ನೂ ಮೂರು ಸಾಲು ಕಾದಿತ್ತು. ಸಭಾಪಾಲಕ ಅಯ್ಯನವರು ರೊಟ್ಟಿಯ ಬಟ್ಟಲು ಹಿಡಿದುಕೊಂಡೇ ತಿರುಗಿ ನೋಡಿದರು.

"ಕುಡಿ," ಎಂದ ಸರ್ವೋತ್ತಮ. "ಏನೂ ಆಗುದಿಲ್ಲ."

ಶೀನಪ್ಪ ಕಣ್ಣು ಮುಚ್ಚಿಕೊಂಡು ಕುಡಿದ.

ಪುತ್ತೂರಿನ ಆ ಸಣ್ಣ ಸಭೆಯಲ್ಲಿ ಆರು ವರ್ಷದಿಂದ ಕರ್ತನ ಭೋಜನದ ದ್ರಾಕ್ಷಾರಸವೆಂದರೆ ಒಣದ್ರಾಕ್ಷಿ ಕುದಿಸಿ ಸೋಸಿದ ನೀರು. ಕಾರಣ ಬಡಗಿ ಶೀನಪ್ಪ. ಕುಡಿದರೆ ಅವನು ಮನುಷ್ಯನಲ್ಲ. ಎಪ್ಪತ್ತಮೂರನೇ ಇಸವಿಯಲ್ಲಿ ಒಂದು ದಿನ ಕುಡಿದು ಬಂದು ಹೆಂಡತಿ ಸೀತುವಿನ ಎಡಗೈ ಮುರಿದಿದ್ದ. ಮರುದಿನ ಸರ್ವೋತ್ತಮನ ಕಾಲು ಹಿಡಿದು ಅತ್ತು, "ಒಂದು ತೊಟ್ಟು ನಾಲಗೆಗೆ ತಾಗಿದ್ರೂ ನಾನು ಹೋದೆ ಸಾರ್, ನೀವೇ ನೋಡ್ಕೊಳ್ಬೇಕು" ಎಂದಿದ್ದ. ಮತ್ತೆ ಮುಟ್ಟಿರಲಿಲ್ಲ. ಅಂದಿನಿಂದ ಅವನೇ ದೇವಾಲಯದ ಗಂಟೆ ಹೊಡೆಯುವವ, ಅವನೇ ಲೋಟ ತೊಳೆಯುವವ. ಸೀತುವಿನ ಕೈ ಮಾತ್ರ ಡೊಂಕಾಗಿಯೇ ಕೂಡಿಕೊಂಡಿತು.

ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುವ ಸರ್ವೋತ್ತಮನಿಗೆ ಪೀಡೆ ಅಂಟಿಕೊಂಡದ್ದೂ ಅಂದಿನಿಂದಲೇ. ಪ್ರತಿ ಆದಿತ್ಯವಾರ ಆರಾಧನೆ ಮುಗಿದ ಕೂಡಲೇ ಶೀನಪ್ಪ ಎದುರು ಬಂದು ನಿಲ್ಲುವನು. ಲಾಟರಿ ಟಿಕೇಟು ತೆಗಿಬಹುದಾ ಸಾರ್? ಸಿನಿಮಾಕ್ಕೆ ಹೋಗ್ಬಹುದಾ? ಬೆಟ್ಟಂಪಾಡಿಯಲ್ಲಿ ಕೆಲಸದ ಮನೆಯವರು ಭೂತಕ್ಕೆ ಕೊಟ್ಟ ಕೋಳಿಯ ಪದಾರ್ಥ ಬಡಿಸಿದ್ರು, ತಿನ್ಬಹುದಾ?

"ಕ್ರಿಸ್ತನಲ್ಲಿ ನೀನು ಸ್ವತಂತ್ರ ಮಾರಾಯ! ನಿನಗೆ ತಲೆ ಕೊಟ್ಟದ್ದು ಎಂತಕ್ಕೆ? ನೀನೇ ಯೋಚನೆ ಮಾಡು," ಎಂದು ಸರ್ವೋತ್ತಮ ರೇಗುವನು.

ಶೀನಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡುವನು. "ಹಾಗಾದ್ರೆ ತಿನ್ಬಹುದಾ ಸಾರ್?"

ಕಳೆದ ತಿಂಗಳು ಹಿರಿಯರ ಸಮಿತಿಯಲ್ಲಿ ಸರ್ವೋತ್ತಮನೇ ಎದ್ದು ನಿಂತ. ಒಬ್ಬನ ದೌರ್ಬಲ್ಯಕ್ಕಾಗಿ ತೊಂಬತ್ತು ಜನ ಪಾಯಸದ ನೀರು ಕುಡಿಯುವುದು ಯಾವ ನ್ಯಾಯ? ನಾವು ಸ್ವತಂತ್ರರೋ ಅಲ್ಲವೋ? ಹೌದಾದರೆ ಮಂಗಳೂರಿನಿಂದ ನಿಜವಾದ ದ್ರಾಕ್ಷಾರಸ ಬರಲಿ. ಪಾಯಸದ ನೀರು ಎಂಬ ಮಾತಿಗೆ ಎಲ್ಲರೂ ನಕ್ಕರು, ನಕ್ಕವರು ಒಪ್ಪಿಯೂ ಬಿಟ್ಟರು. ಅಯ್ಯನವರು ಮಾತ್ರ ಕನ್ನಡಕ ಒರೆಸಿಕೊಳ್ಳುತ್ತಾ, "ಶೀನಪ್ಪನಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಅವನು ರೊಟ್ಟಿ ಮಾತ್ರ ತೆಗೆದುಕೊಳ್ಳಲಿ," ಎಂದರು. ಸರ್ವೋತ್ತಮ ತಲೆಯಾಡಿಸಿದ್ದ.

ಆರಾಧನೆ ಮುಗಿದದ್ದೇ ಅವನು ಹಿಂದಿನ ಕೋಣೆಗೆ ಹೋಗಿ ನೋಡಿದ. ತೊಳೆದ ಲೋಟಗಳು ಬಟ್ಟೆಯ ಮೇಲೆ ಬೋರಲಾಗಿದ್ದವು. ಬಾಟ್ಲಿಯಲ್ಲಿ ಉಳಿದ ಅರ್ಧ ಹಾಗೆಯೇ ಇತ್ತು. ಸದ್ಯ! ಏನೂ ಆಗಿರಲಿಲ್ಲ. ಹಗುರವೆನಿಸಬೇಕಿತ್ತು; ಯಾಕೋ ಸಪ್ಪೆಯೆನಿಸಿತು. ಶೀನಪ್ಪ ಮಾತ್ರ ಏನನ್ನೂ ಕೇಳಲು ಬರದೆ ಹೊರಟುಹೋಗಿದ್ದ.

ಊಟಕ್ಕೆ ಕೂತಾಗ ಹೆಂಡತಿ ವಾರಿಜಾಕ್ಷಿ ಕೇಳಿದಳು. "ಶೀನಪ್ಪನಿಗೆ ಮೊದಲೇ ಹೇಳಿದ್ರಾ?"

"ಎಂತದು?"

"ಎಂತದು ಅಂತ ನಿಮಗೆ ಗೊತ್ತುಂಟು."

"ಮರ್ತುಹೋಯ್ತು."

ವಾರಿಜಾಕ್ಷಿ ಸೌಟನ್ನು ಮೀನಿನ ಸಾರಿನಲ್ಲೇ ಬಿಟ್ಟಳು. "ನೀವು ಮರೆಯುವ ಜನವಾ? ಅವ ಬೀಳುದನ್ನು ನೋಡ್ಬೇಕಿತ್ತಾ ನಿಮಗೆ?"

"ಮಂಡೆ ಸಮ ಉಂಟಾ ನಿನಗೆ?"

ಉತ್ತರ ಜೋರಾಗಿಯೇ ಬಂತು. ಆದರೆ ಅವನು ಮರೆತಿರಲಿಲ್ಲ. ಕಳೆದ ಬುಧವಾರ ಪೋಕರನ ಚಾದಂಗಡಿಯಲ್ಲಿ ಶೀನಪ್ಪ ಎದುರೇ ಕೂತಿದ್ದ. ಮಾತು ತುಟಿಯವರೆಗೆ ಬಂದಿತ್ತು. ಸರ್ವೋತ್ತಮ ಅದನ್ನು ಚಾದ ಜೊತೆ ನುಂಗಿದ್ದ.

ಮೂರು ಗಂಟೆಗೆ ಸೀತು ಬಂದು ಅಂಗಳದಲ್ಲಿ ನಿಂತಳು. ಡೊಂಕು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಅವರು ಊಟಕ್ಕೆ ಬರ್ಲಿಲ್ಲ ಸಾರ್. ಆರು ವರ್ಷದಲ್ಲಿ ಒಂದಿನ ಹೀಗೆ ಮಾಡ್ಲಿಲ್ಲ. ಬೆಳಿಗ್ಗೆ ಎಂತ ಆಯ್ತು?"

"ಎಂತದೂ ಆಗ್ಲಿಲ್ಲ."

ಅವನು ಚಪ್ಪಲಿ ಮೆಟ್ಟಿ ಹೊರಟ. ಮಾರ್ಚಿನ ಬಿಸಿಲು ತಲೆ ಸುಡುತ್ತಿತ್ತು. ಹತ್ತು ಹೆಜ್ಜೆ ಹಿಂದೆ ಸೀತು ಬರುತ್ತಿದ್ದಳು. ಪೇಟೆಬೀದಿಯಲ್ಲಿ ತೆರೆದಿದ್ದದ್ದು ಪೋಕರನ ಅಂಗಡಿ ಒಂದೇ.

"ಶೀನಪ್ಪನಾ? ಬಸ್‌ಸ್ಟ್ಯಾಂಡಿನ ಹಿಂದೆ ಹೋದ ಮಾರಾಯ್ರೆ, ಗಡಂಗಿನ ಕಡೆಗೆ," ಎಂದ ಪೋಕರ್. "ಚಾ ಕುಡಿ ಬಾ ಅಂತ ನಾನೇ ಕರೆದೆ. ಮೇಷ್ಟ್ರು ಪರ್ಮಿಶನ್ ಕೊಟ್ಟಿದ್ದಾರೆ ಅಂದ. ಎಂತ ಪರ್ಮಿಶನ್ ಸಾರ್?"

ಸರ್ವೋತ್ತಮ ಕೇಳಿಸದವನ ಹಾಗೆ ಮುಂದೆ ಹೋದ. ಸೀತುವಿಗೆ ಕೇಳಿಸಿತೇ ಎಂದು ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಸಾರಾಯಿ ಮಾರುವ ಗಡಂಗಿನ ಹೊರಗಿನ ಬೆಂಚಿನಲ್ಲಿ ಶೀನಪ್ಪ ಕೂತಿದ್ದ. ಆದಿತ್ಯವಾರದ ಅದೇ ಬಿಳಿ ಅಂಗಿ, ಕೊರಳವರೆಗೆ ಗುಂಡಿ. ಎದುರಿಗೆ ತುಂಬಿದ ಲೋಟ. ಸರ್ವೋತ್ತಮನನ್ನು ಕಂಡು ಎದ್ದು ನಿಂತ. ಕಾಲು ತಡವರಿಸಲಿಲ್ಲ.

"ಎಷ್ಟು ಕುಡಿದೆ?"

"ಇಲ್ಲ ಸಾರ್."

"ಹನ್ನೊಂದು ಗಂಟೆಯಿಂದ ಹೀಗೇ ಕೂತಿದ್ದಾನೆ ಮಾರಾಯ್ರೆ," ಒಳಗಿನಿಂದ ಗಡಂಗಿನವ ಕೂಗಿದ. "ಕುಡಿಯುದೂ ಇಲ್ಲ, ಏಳುದೂ ಇಲ್ಲ. ನಿಮ್ಮನ್ನು ಕೇಳದೆ ಕುಡಿಯುದಿಲ್ಲ ಅಂತ ಹಟ."

ಕುಡಿದಿಲ್ಲ! ಇನ್ನೂ ಏನೂ ಕೆಟ್ಟಿರಲಿಲ್ಲ.

"ನಾಲಗೆ ಉರಿತಾ ಉಂಟು ಸಾರ್," ಶೀನಪ್ಪ ಹೇಳಿದ. "ಬೆಳಿಗ್ಗೆ ನೀವು ಕುಡಿ ಅಂದ್ರಿ. ಅದು ಆ ಒಂದಕ್ಕೆ ಮಾತ್ರವಾ, ಇದಕ್ಕೂ ಉಂಟಾ? ಯೋಚನೆ ಮಾಡಿದೆ. ನನಗೆ ಗೊತ್ತಾಗುದಿಲ್ಲ."

ಅಷ್ಟು ಹೇಳಿ, ಎಲ್ಲರೂ ನೋಡುತ್ತಿದ್ದ ಹಾಗೆ, ಮಣ್ಣಿನಲ್ಲಿ ಮೊಣಕಾಲೂರಿದ. ಒಳಗೆ ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಗಡಂಗಿನವ ಹೊರಬಂದು ಲೋಟವನ್ನು ಸರ್ವೋತ್ತಮನ ಕೈಗೆ ತುರುಕಿದ.

"ಕೊಡುದಾದ್ರೆ ಕೊಡಿ, ಚೆಲ್ಲುದಾದ್ರೆ ಚೆಲ್ಲಿ ಸಾರ್. ನಮ್ಮ ಬಾಗಿಲು ಬಿಟ್ರೆ ಸಾಕು."

"ಬೇಡ ಅಂತ ಹೇಳಿ ಸಾರ್!" ರಸ್ತೆಯಿಂದ ಸೀತು ಕಿರುಚಿದಳು. ಸೆರಗು ಜಾರಿ ಡೊಂಕು ಕೈ ಹೊರಗೆ ಬಂದಿತ್ತು. "ಒಂದು ಮಾತು! ನಿಮ್ಮ ದಮ್ಮಯ್ಯ!"

ಎರಡೇ ಅಕ್ಷರ. ಸರ್ವೋತ್ತಮ ಬಾಯಿ ತೆರೆದ. ಶೀನಪ್ಪ ಬೆಳಗಿನ ಹಾಗೆಯೇ ಕಣ್ಣು ಮುಚ್ಚಿ, ತುಟಿ ಸ್ವಲ್ಪ ತೆರೆದು, ಮುಖ ಎತ್ತಿ ಕಾಯುತ್ತಿದ್ದ. ಆ ಮುಖದಲ್ಲಿ ಒಂದಿಷ್ಟೂ ಸಂಶಯವಿರಲಿಲ್ಲ. ಸರ್ವೋತ್ತಮನಿಗೆ ಅದನ್ನು ಕಂಡು ದಿಗಿಲಾಯಿತು. ಇವನು ಬೀಳುವುದನ್ನು ನೋಡಬೇಕು ಎಂಬ ಆಸೆ ತನ್ನೊಳಗೆ ಈಗಲೂ ಇತ್ತು. ವಾರಿಜಾಕ್ಷಿ ಹೇಳಿದ್ದು ಸುಳ್ಳಲ್ಲ. ಅಯ್ಯೋ, ಎಂಥ ಮನುಷ್ಯ ನಾನು!

ಬೇಡ ಎನ್ನಲು ನಾಲಗೆ ಏಳಲಿಲ್ಲ. ಅವನು ತನ್ನ ಬಲಗೈಯನ್ನು ನೋಡಿದ. ಬೆಳಿಗ್ಗೆ ತಟ್ಟೆ ಹಿಡಿದಿದ್ದ ಅದೇ ಕೈ, ಲೋಟದಿಂದ ಒಂದು ಹನಿಯೂ ಚೆಲ್ಲದೆ, ಶೀನಪ್ಪನ ತುಟಿಯ ಕಡೆಗೆ ಹೋಗುತ್ತಿತ್ತು.