ಬಾಗಿಲು ಹಾಕಿ ಬಡಿದ ರೊಟ್ಟಿ

ಮೋರಟಗಿಯ ಆ ಓಣಿಯಲ್ಲಿ ಯಾರ ಮನೆಯ ಒಲೆ ಹೊತ್ತಿತು ಅಂತ ತಿಳಿಯಲು ಹೊಗೆ ನೋಡಬೇಕಿಲ್ಲ, ಕಿವಿ ಇದ್ದರೆ ಸಾಕು. ಟಪ್ ಟಪ್ ಅನ್ನುವ ರೊಟ್ಟಿ ಸಪ್ಪಳದ ಮೇಲೇ ಯಾವ ಸೊಸೆ ಎಷ್ಟೊತ್ತಿಗೆ ಎದ್ದಳು, ಯಾರ ಮೈಯಲ್ಲಿ ಕಸುವಿಲ್ಲ, ಯಾರು ಸಿಟ್ಟಿನಲ್ಲಿದ್ದಾಳೆ ಎಂಬುದೆಲ್ಲ ಕಟ್ಟೆಯ ಮೇಲೆ ಕೂತ ಗಂಡಸರಿಗೆ ಗೊತ್ತು. ಗೊತ್ತಿಲ್ಲದ್ದು ಒಂದೇ, ರೊಟ್ಟಿ ಬಡಿಯುವುದು.

ಸುಭಾಸನಿಗೂ ಗೊತ್ತಿರಲಿಲ್ಲ. ಮನೆಯ ನಳದ ಮುಂದಿನ ಹಾಸುಗಲ್ಲಿಗೆ ಪಾಚಿ ಹಿಡಿದು ಎರಡು ತಿಂಗಳಾಗಿತ್ತು. "ತಿಕ್ಕಿ ಒಗೀರಿ" ಅಂತ ಹೆಂಡತಿ ಪಲ್ಲವಿ ದಿನಾ ಹೇಳುತ್ತಿದ್ದಳು, ಇವನು ದಿನಾ "ನಾಳೆ" ಅನ್ನುತ್ತಿದ್ದ. ಕಡೆಗೊಂದು ದಿನ ಆಕೆ ತುಂಬಿದ ಕೊಡದ ಸಮೇತ ಅಲ್ಲೇ ಜಾರಿ ಬಿದ್ದಳು. ಕೊಡಕ್ಕೆ ನೆಗ್ಗು ಬಿತ್ತು, ಬಲ ಮುಂಗೈ ಮುರಿಯಿತು. ಅತ್ತೆ ಗುಂಡವ್ವ ಓಡಿಬಂದು ಮೊದಲು ಎತ್ತಿದ್ದು ಕೊಡವನ್ನು.

ಸಿಂದಗಿಯ ಡಾಕ್ಟರು ಪ್ಲಾಸ್ಟರ್ ಹಾಕಿ, "ಆರು ವಾರ ಈ ಕೈಲೆ ಕೆಲಸ ಮಾಡಿದ್ರ ಎಲುಬು ಡೊಂಕ ಕೂಡತೈತಿ ನೋಡ್ರಿ" ಅಂದರು. ಊರಿಗೆ ಬಂದು ಬಸ್ಸಿಳಿಯುವ ಮೊದಲೇ ಗುಂಡವ್ವ ಕೇಳಿದಳು, "ಎಡಗೈ ನೆಟ್ಟಗೈತಲ್ಲ?"

ಗುಂಡವ್ವನ ಬೆರಳುಗಳೆಲ್ಲ ವಾತ ಹಿಡಿದು ಸೆಟೆದಿದ್ದವು. ಹಾಗಾಗಿ ಮರುದಿನ ಸುಭಾಸನೇ ಹಿಟ್ಟು ನಾದುವ ಅಗಲ ಪರಾತದ ಮುಂದೆ ಕೂತ. ಪಲ್ಲವಿ ಪಕ್ಕದಲ್ಲಿ ಕೂತು, "ಬಿಸಿನೀರ ಇನ್ನಷ್ಟ ಹಾಕ್ರಿ. ಚಂದಂಗ ನಾದ್ರಿ. ಹಿಟ್ಟನ್ನ ಯಾಕ ಬೈತೀರಿ, ಅದೇನ ಮಾಡೇತಿ?" ಅಂತ ಹೇಳಿಕೊಟ್ಟಳು. ಮೊದಲ ರೊಟ್ಟಿ ಎತ್ತುವಾಗಲೇ ಮೂರು ಹೋಳಾಯಿತು.

ಗುಂಡವ್ವ ರೊಟ್ಟಿ ನೋಡಲಿಲ್ಲ, ಬಾಗಿಲು ನೋಡಿದಳು. ಅಗಳಿ ಹಾಕಿ, ಕಿಟಕಿ ಮುಚ್ಚಿ, ಟಿವಿಯ ಧಾರಾವಾಹಿಯನ್ನು ಗಂಟಲು ಹರಿಯುವಷ್ಟು ಜೋರು ಮಾಡಿದಳು. "ಗಂಡಮಗ ರೊಟ್ಟಿ ಬಡಿಯೋದು ಓಣಿಗೆ ಗೊತ್ತಾದ್ರ ನಾ ಬಾವಿ ನೋಡ್ಕೋತೇನಿ ಸುಭ್ಯಾ."

"ಬಾವ್ಯಾಗ ನೀರೆಲ್ಲೈತಿ ಬೇ," ಅಂದ ಸುಭಾಸ. ಆದರೂ ಎದ್ದು ಬಾಗಿಲು ತೆಗೆಯಲಿಲ್ಲ. ಓಣಿಯ ಅಂಜಿಕೆ ಅವನಿಗೂ ಇತ್ತು.

ಟಿವಿಯನ್ನು ಮೀರಿ ಸಪ್ಪಳ ಹೊರಬಿತ್ತು. ಪಕ್ಕದ ಮನೆಯ ಇಮಾಮಬಿ ಕೇಳಿಯೇಬಿಟ್ಟಳು, "ಗುಂಡವ್ವಕ್ಕಾ, ಸೊಸಿ ಕೈ ಮುರದೈತಿ, ರೊಟ್ಟಿ ಯಾರ ಬಡಿಯಾಕತ್ತಾರ?"

"ಮತ್ಯಾರು, ಆಕೀನ! ಪ್ಲಾಸ್ಟರ್ ಕಟ್ಕೊಂಡ ಬಡಿತಾಳ. ನಮ್ಮ ಮನಿ ಸಂಸ್ಕಾರ ಹಂಗೈತಿ."

ಸಂಜೆಯೊಳಗೆ ಪಲ್ಲವಿ ಓಣಿಯ ಸತಿಶಿರೋಮಣಿಯಾದಳು. ತಾನು ಕುಡಿದ ಚಹಾದ ಕಪ್ಪನ್ನು ಹುಟ್ಟಿದಾಗಿನಿಂದ ತೊಳೆಯದ ಧೂಳಪ್ಪ ಕಟ್ಟೆಯ ಮೇಲೆ ಕೂತು, "ಹೆಣ್ಣಂದ್ರ ಹಿಂಗಿರಬೇಕ" ಅಂದ. ಓಣಿಯ ಅತ್ತೆಯರಿಗೆಲ್ಲ ಹೊಸ ಕೋಲು ಸಿಕ್ಕಿತು.

ಐದನೇ ದಿನ ಗೋಡೆಯಾಚೆ ಇಮಾಮಬಿಯ ದನಿ. ಅವಳ ಸೊಸೆ ತರನ್ನುಮಳಿಗೆ ಮೂರು ದಿನದಿಂದ ಚಳಿಜ್ವರ. "ಏಳ, ಹಿಟ್ಟ ನಾದ! ಬಾಜೂಕಿನಾಕಿ ಮುರದ ಕೈಲೆ ಬಡಿತಾಳ, ನಿನಗ ಬರೇ ಜ್ವರ!" ಸ್ವಲ್ಪ ಹೊತ್ತಿಗೆ ಟಪ್ ಅಂದಿತು. ಎಷ್ಟೋ ಹೊತ್ತು ಬಿಟ್ಟು ಇನ್ನೊಂದು ಟಪ್.

ಪಲ್ಲವಿ ಗಂಡನನ್ನು ನೋಡಿದಳು. "ನಿಮ್ಮ ರೊಟ್ಟಿಗೆ ನನಗ ಹೆಸರ ಬಂತು, ಆಕಿಗೆ ಬೈಗಳ ಬಂತು. ಕುಂದರ್ರಿ, ಟಿವಿ ಹಚ್ಕೊಂಡ ಬಡೀರಿ."

ಸುಭಾಸನ ಕಿವಿ ಕಾದ ಹಂಚಾಯಿತು. ಟಿವಿಯ ವೈರು ಕಿತ್ತ. ಅಗಳಿ ತೆಗೆದ. ಸಿಲಿಂಡರ್ ಉರುಳಿಸಿಕೊಂಡು ಹೋಗಿ, ಒಲೆ, ಪರಾತ ಎಲ್ಲ ಬಾಗಿಲ ಮುಂದಿನ ಅಂಗಳದಲ್ಲಿಟ್ಟು, ಕಾಲು ಮಡಚಿ ಕೂತು ಬಡಿಯತೊಡಗಿದ. ಒಳಗೆ ಗುಂಡವ್ವ ಮುಖಕ್ಕೆ ಸೆರಗು ಹಾಕಿಕೊಂಡಳು.

"ಏನೋ ಸುಭಾಸ, ಸೀರಿ ಯಾವಾಗ ಉಡತಿ?" ಧೂಳಪ್ಪ ಕಟ್ಟೆಯಿಂದ ಕೂಗಿದ.

"ರೊಟ್ಟಿ ತಿನ್ನಾಕ ಸೀರಿ ಉಟ್ಟಿಯೇನ ಕಾಕಾ? ಹಂಗಾದ್ರ ಬಡಿಯಾಕ ಯಾಕ ಬೇಕು? ಎಲ್ಲಾರೂ ಕೇಳ್ರಿ, ಐದ ದಿನ ಬಡದಾಂವ ನಾ! ಆಕಿ ಹಿಟ್ಟ ಮುಟ್ಟಿಲ್ಲ!"

ಧೂಳಪ್ಪ ಕಟ್ಟೆಯಿಂದಿಳಿದು ಚಪ್ಪಲಿ ಹುಡುಕತೊಡಗಿದ. ಇಮಾಮಬಿ ಬಾಗಿಲಿಗೆ ಬಂದು, ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನೂ ಬಡಿಯುವ ಕೈಯನ್ನೂ ನೋಡಿ ಒಳಗೆ ಹೋದಳು. ಗೋಡೆಯಾಚೆಯ ಸಪ್ಪಳ ನಿಂತಿತು. ತಿರುಗಿ ಬಂದಾಗ ಅವಳ ಕೈಯಲ್ಲಿ ನಾದಿದ ಹಿಟ್ಟಿತ್ತು. ತಂದು ಸುಭಾಸನ ಮುಂದಿಟ್ಟಳು.

"ಹೆಂಗೂ ಹಂಚ ಕಾದೈತಿ. ನಮ್ಮವೂ ಒಂದ ಹತ್ತ ಬಡದಬಿಡ. ಆಕಿ ಮಲಗಲಿ."

"ಮುಬಿನ ಮನ್ಯಾಗಿಲ್ಲೇನ ಚಿಗವ್ವ?" ಅಂದ ಸುಭಾಸ. ತರನ್ನುಮಳ ಗಂಡ ಮುಬಿನ ಹೊರಸಿನ ಮೇಲೆ ಮೊಬೈಲ್ ಹಿಡಿದು ಅಂಗಾತ ಬಿದ್ದದ್ದು ಅಂಗಳಕ್ಕೇ ಕಾಣುತ್ತಿತ್ತು.

"ಅದಾನಲ್ಲ," ಅಂದಳು ಇಮಾಮಬಿ, ಇಷ್ಟೂ ತಿಳಿಯದವನನ್ನು ನೋಡುವ ಹಾಗೆ. "ಅಂವ ಗಂಡಸ ಅಲ್ಲೇನೋ?"

ಪಲ್ಲವಿ ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು ನಕ್ಕಳು, ನಗು ನಿಲ್ಲಲಿಲ್ಲ. ಸುಭಾಸ ಹಲ್ಲು ಕಚ್ಚಿ ಇಮಾಮಬಿಯ ಹಿಟ್ಟಿನಿಂದ ಒಂದು ಉಂಡೆ ಮುರಿದುಕೊಂಡ.